ಕಂಪ್ಯೂಟರಿನಲ್ಲಿ ಬಚ್ಚಲು ಕಟ್ಟಿಸಿದ ರಂಗಶಾಮಣ್ಣ

ರಂಗಶಾಮಣ್ಣನ ಕಂಪ್ಯೂಟರಿನ ಪಕ್ಕದಲ್ಲಿ ಯಾವಾಗಲೂ ಒಂದು ಚೊಂಬು ನೀರು ಇರುತ್ತಿತ್ತು. ಕುಡಿಯುವ ನೀರಲ್ಲ. ತಿಥಿ ಕಾರ್ಡು ಮಾಡಿ ಮುಗಿಸಿದವರು ಮದುವೆ ಕಾರ್ಡಿಗೆ ಕೈ ಹಾಕುವ ಮೊದಲು ಆ ಚೊಂಬಿನಲ್ಲಿ ಬೆರಳು ಅದ್ದಿ, ಹೆಗಲ ಮೇಲಿನ ಟವೆಲಿಗೆ ಒರೆಸಿ, ಒಂದು ಗಳಿಗೆ ಕಣ್ಣು ಮುಚ್ಚಿ, ಆಮೇಲೆ ಮೌಸು ಹಿಡಿಯುತ್ತಿದ್ದರು. ಹೊಸ ಗಿರಾಕಿಗಳು ಇದೇನೋ ಪೂಜೆ ನಡೆಯುತ್ತಿದೆ ಎಂದುಕೊಂಡು ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬರುತ್ತಿದ್ದರು. ನಾನೂ ಬೇಡ ಅನ್ನುತ್ತಿರಲಿಲ್ಲ. ದಿನಾ ನೆಲ ಒರೆಸುವವಳು ನಾನೇ ಆಗಿದ್ದೆ.

ಅವರ ಅಂಗಡಿ ಇದ್ದದ್ದು ಮಧುಗಿರಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಲಗ್ನಪತ್ರಿಕೆ, ತಿಥಿ ಕಾರ್ಡು, ಫ್ಲೆಕ್ಸು, ಜೆರಾಕ್ಸು, ಆನ್‌ಲೈನ್ ಅರ್ಜಿ, ಏನು ಕೇಳಿದರೂ ಸಿಗುತ್ತಿತ್ತು. ನಾನು ಡಿಗ್ರಿ ಮುಗಿಸಿ ಕೊಡಿಗೇನಹಳ್ಳಿಯ ಮನೆಯಲ್ಲಿ ಅಮ್ಮನ ಬೈಗುಳ ತಿನ್ನುತ್ತಾ ಕೂತಿದ್ದಾಗ, ನಮ್ಮಪ್ಪ ಯಾರಿಗೋ ಹೇಳಿ ಅಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿಸಿದರು. ರಂಗಶಾಮಣ್ಣನಿಗೆ ಆಗಲೇ ಐವತ್ತು ದಾಟಿತ್ತು. ಕಡ್ಡಿಯಂಥ ಮನುಷ್ಯ, ಅರ್ಧ ತೋಳಿನ ಬಿಳಿ ಅಂಗಿ, ಮೂಗಿನ ತುದಿಗೆ ಜಾರಿದ ಕನ್ನಡಕ. ಮದುವೆ ಆಗಿರಲಿಲ್ಲ. ಯಾಕೆ ಅಂತ ಕೇಳಿದರೆ, "ಊರಿನ ಮದ್ವೆ ಎಲ್ಲಾ ಮಾಡಿ ಮುಗಿಸೋ ಹೊತ್ಗೆ ನಂದು ಮರ್ತೋಯ್ತು ಕಣಮ್ಮ" ಅನ್ನುತ್ತಿದ್ದರು.

ಸೇರಿದ ಮೊದಲ ದಿನವೇ ನನಗೆ ಬೈಗುಳ ಬಿತ್ತು. ಅವರ ಕಂಪ್ಯೂಟರಿನಲ್ಲಿ ನಾಲ್ಕು ಡೆಸ್ಕ್‌ಟಾಪು ಇದ್ದವು. ಈಗಿನ ಕಂಪ್ಯೂಟರುಗಳಲ್ಲಿ ಇದೊಂದು ಅನುಕೂಲ: ಪರದೆ ಒಂದೇ ಆದರೂ ಅದರೊಳಗೆ ಬೇಕಾದಷ್ಟು ಡೆಸ್ಕ್‌ಟಾಪು ಮಾಡಿಕೊಂಡು, ಒಂದೊಂದಕ್ಕೂ ಒಂದು ಹೆಸರಿಡಬಹುದು. ಒಂದರಲ್ಲಿ ತೆರೆದಿಟ್ಟದ್ದು ಇನ್ನೊಂದರಲ್ಲಿ ಕಾಣುವುದಿಲ್ಲ. ಬೇರೆಯವರು 'ಆಫೀಸು', 'ಮನೆ' ಅಂತ ಹೆಸರಿಟ್ಟುಕೊಳ್ಳುತ್ತಾರೆ. ರಂಗಶಾಮಣ್ಣ ಎಡದಿಂದ ಬಲಕ್ಕೆ ಸಾಲಾಗಿ ಇಟ್ಟಿದ್ದ ಹೆಸರುಗಳು: ಚಪ್ಪರ, ಸಂತೆ, ಬಚ್ಚಲು, ಕೆರೆಯಾಚೆ.

ಚಪ್ಪರದಲ್ಲಿ ಮದುವೆ, ನಾಮಕರಣ, ಗೃಹಪ್ರವೇಶ. ಅದರ ಹಿನ್ನೆಲೆಗೆ ಮಾವಿನ ತೋರಣದ ಚಿತ್ರ. ಸಂತೆಯಲ್ಲಿ ಅರ್ಜಿ, ಆಧಾರು, ಫ್ಲೆಕ್ಸು, ಅಂದರೆ ಯಾರು ಬೇಕಾದರೂ ಬಂದು ಹೋಗುವ ಕೆಲಸ. ಕೆರೆಯಾಚೆಯಲ್ಲಿ ತಿಥಿ, ವೈಕುಂಠ ಸಮಾರಾಧನೆ, ಶ್ರದ್ಧಾಂಜಲಿ. ಅದಕ್ಕೆ ಬೂದಿ ಬಣ್ಣ. ನಡುವೆ ಇದ್ದ ಬಚ್ಚಲು ಖಾಲಿ, ತಿಳಿ ನೀಲಿ. ಅಲ್ಲಿ ಒಂದು ಫೈಲೂ ತೆರೆಯುವಂತಿಲ್ಲ. ಕೆರೆಯಾಚೆಯಿಂದ ವಾಪಸು ಬರುವವರು ಅಲ್ಲಿ ನಿಂತು ಬೆರಳು ಅದ್ದಿ ಮುಂದೆ ಹೋಗಬೇಕು.

ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ನಾಲ್ಕನ್ನೂ ಒಟ್ಟಿಗೆ ತೋರಿಸುವ ಗುಂಡಿ ಒತ್ತಿ, ಕೆರೆಯಾಚೆಯಿಂದ ಸೀದಾ ಚಪ್ಪರದ ಮೇಲೆ ಕ್ಲಿಕ್ ಮಾಡಿದೆ. ರಂಗಶಾಮಣ್ಣ ಕುರ್ಚಿಯಿಂದ ಎದ್ದೇಬಿಟ್ಟರು.

"ಲೇ ಲೇ ಲೇ! ಗೋಡೆ ಹಾರ್ಬೇಡ ಕಣಮ್ಮ! ಬಾಗ್ಲಲ್ಲಿ ಬಾ!"

ಬಾಗಿಲಲ್ಲಿ ಬರುವುದು ಅಂದರೆ ಕಂಟ್ರೋಲು, ವಿಂಡೋಸು ಎರಡೂ ಕೀ ಹಿಡಿದು ಬಾಣದ ಗುರುತು ಒತ್ತುತ್ತಾ, ಒಂದೊಂದೇ ಕೋಣೆ ದಾಟಿ ಬರುವುದು. ನಾನು ವಾಪಸು ಕೆರೆಯಾಚೆಗೆ ಹೋಗಿ, ಬಚ್ಚಲಲ್ಲಿ ಬೆರಳು ಅದ್ದಿ, ಸಂತೆ ದಾಟಿ ಚಪ್ಪರಕ್ಕೆ ಬಂದೆ. ಅವರು ನನ್ನ ಬೆರಳನ್ನೇ ನೋಡುತ್ತಿದ್ದರು. ಒದ್ದೆ ಬೆರಳಿಗೆ ಆ ಅಂಗಡಿಯಲ್ಲಿ ಎಷ್ಟು ಕೀಬೋರ್ಡು ಬಲಿಯಾದವೋ ದೇವರಿಗೇ ಗೊತ್ತು. ಪ್ರತಿ ಸಲವೂ ರಂಗಶಾಮಣ್ಣ, "ಈಗಿನ ಮಾಲೇ ಇಷ್ಟು" ಅಂತ ಕಂಪನಿಯನ್ನು ಬೈಯುತ್ತಿದ್ದರು.

ಈ ಹುಚ್ಚಿಗೆ ಒಂದು ಕಾರಣವಿತ್ತು. ಅವರಪ್ಪನ ಕಾಲದಲ್ಲಿ ಅದು ಅಚ್ಚುಮೊಳೆ ಜೋಡಿಸುವ ಪ್ರೆಸ್ಸು. ಮದುವೆಗೂ ತಿಥಿಗೂ ಅದೇ ಮೊಳೆ. ಒಂದು ಸಲ ತೋವಿನಕೆರೆ ಕಡೆಯವರ ಮದುವೆಗೆ ಕಾರ್ಡು ಹಾಕಿಕೊಟ್ಟ ಮೇಲೆ, ಚಪ್ಪರ ಬಿಚ್ಚುವ ಮೊದಲೇ ಹುಡುಗಿಯ ತಂದೆ ತೀರಿಕೊಂಡರಂತೆ. ಯಾರೋ ಒಬ್ಬರು, "ಆ ಪ್ರೆಸ್ಸಿನ ಕೈಗುಣ ಸರಿಯಿಲ್ಲ" ಅಂದರು. ಅಷ್ಟೇ. ಆ ವರ್ಷ ಒಂದು ಲಗ್ನಪತ್ರಿಕೆಯೂ ಬರಲಿಲ್ಲ. ಅವರಪ್ಪ ಎರಡು ಜೊತೆ ಮೊಳೆ ತರಿಸಿ, ಒಂದನ್ನು ಶುಭಕ್ಕೆ, ಒಂದನ್ನು ಇನ್ನೊಂದಕ್ಕೆ ಅಂತ ಬೇರೆ ಬೇರೆ ಪೆಟ್ಟಿಗೆಯಲ್ಲಿಟ್ಟರು. ಆಮೇಲೆ ಜನ ಮತ್ತೆ ಬಂದರು. ವೈದ್ಯರಿಗೂ ಸೂಲಗಿತ್ತಿಗೂ ಕೈಗುಣ ಇರುವ ಹಾಗೆ ಪ್ರೆಸ್ಸಿಗೂ ಇದೆ ಅನ್ನುವುದು ರಂಗಶಾಮಣ್ಣನ ನಂಬಿಕೆ. ಅವರು ಕಾಪಾಡಿಕೊಂಡು ಬಂದ ಆಸ್ತಿ ಅದೊಂದೇ.

ಕಂಪ್ಯೂಟರು ಬಂದ ಮೇಲೆ ಅವರಿಗೆ ದೊಡ್ಡ ತಾಪತ್ರಯವಾಯಿತು. ಇರುವುದು ಒಂದೇ ಪೆಟ್ಟಿಗೆ. ಬೆಳಿಗ್ಗೆ ಮದುವೆ ಕೆಲಸ, ಊಟ ಆದ ಮೇಲೆ ತಿಥಿ ಕೆಲಸ ಅಂತ ಕಟ್ಟಳೆ ಮಾಡಿ ನೋಡಿದರು. ಆದರೆ ಸಾಯುವವರು ಅಂಗಡಿಯ ಟೈಮು ನೋಡಿ ಸಾಯುವುದಿಲ್ಲವಲ್ಲ. ಹೀಗಿರುವಾಗ ಒಂದು ದಿನ ಯಾವುದೋ ಕೀ ಒತ್ತಲು ಹೋಗಿ ಯಾವುದೋ ಒತ್ತಿ, ಪರದೆ ಮೇಲಿದ್ದದ್ದೆಲ್ಲ ಮಾಯವಾಯಿತಂತೆ. ತಲೆ ಮೇಲೆ ಕೈ ಹೊತ್ತು ಕೂತರಂತೆ. ಆಮೇಲೆ ಇನ್ನೇನೋ ಒತ್ತಿದಾಗ ಎಲ್ಲ ವಾಪಸು ಬಂತು.

"ಕಳೆದೋಗಿರ್ಲಿಲ್ಲ ಕಣಮ್ಮ. ಇಷ್ಟು ವರ್ಷ ಇದ್ದ ಮನೇಲಿ ನಂಗೆ ಗೊತ್ತಿಲ್ದಂಗೆ ಪಕ್ದಲ್ಲಿ ಇನ್ನೊಂದು ಕೋಣೆ ಇತ್ತು. ನಾನು ಅಲ್ಲಿಗೋಗಿ ನಿಂತಿದ್ದೆ" ಅಂತ ಆ ಕತೆಯನ್ನು ಹೇಳುವಾಗಲೆಲ್ಲ ಅವರ ಮುಖ ಹಬ್ಬದ ಮುಖವಾಗುತ್ತಿತ್ತು. ಆ ದಿನವೇ ನಾಲ್ಕು ಕೋಣೆ ಕಟ್ಟಿಸಿದರು. 'ಕಟ್ಟಿಸಿದೆ' ಅಂತಲೇ ಅವರು ಹೇಳುತ್ತಿದ್ದದ್ದು.

ಗಿರಾಕಿಗಳಿಗೂ ಈ ಕಟ್ಟಳೆ ತಪ್ಪಿದ್ದಲ್ಲ. ಕೊರಟಗೆರೆ ಕಡೆಯ ಒಬ್ಬ ಮೇಷ್ಟ್ರು ಬಂದು, ಹೊಸ ಮನೆಯ ಗೃಹಪ್ರವೇಶವನ್ನೂ ಅಪ್ಪನ ವರ್ಷದ ತಿಥಿಯನ್ನೂ ಒಂದೇ ದಿನ ಇಟ್ಟುಕೊಂಡಿದ್ದೇವೆ, ಒಂದೇ ಕಾರ್ಡಿನಲ್ಲಿ ಎರಡನ್ನೂ ಹಾಕಿಬಿಡಿ ಅಂದರು. ರಂಗಶಾಮಣ್ಣ ಕನ್ನಡಕ ತೆಗೆದರು.

"ಅಲ್ಲ ಮೇಷ್ಟ್ರೇ, ಬೆಳಿಗ್ಗೆ ಹಾಲುಕ್ಕಿಸಿ ಮಧ್ಯಾಹ್ನ ಎಡೆ ಇಡ್ತೀರ, ಅದು ನಿಮ್ಮಿಷ್ಟ. ಆ ಕಾರ್ಡು ಎಲ್ಲಿ ಕೂತ್ಕೊಂಡು ಮಾಡ್ಲಿ ನಾನು? ಹೊಸ್ಲು ಮೇಲಾ?"

"ಎಲ್ಲಿ ಕೂತ್ರೂ ನಿಮ್ ಮೇಜು ಒಂದೇ ಅಲ್ವೇನ್ರಿ?"

"ನಿಮ್ ಮನೇಲೂ ನೆಲ ಒಂದೇ. ಅಡಿಗೆಮನೆ ಬೇರೆ, ಬಚ್ಲು ಬೇರೆ ಯಾಕ್ ಕಟ್ಟಿಸಿದ್ರಿ?"

ಮೇಷ್ಟ್ರು ಗೊಣಗುತ್ತಾ ಎರಡು ಕಾರ್ಡು ಮಾಡಿಸಿದರು. ಆಮೇಲೆ ನಮ್ಮ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಇಂಥ ಗಿರಾಕಿಗಳನ್ನು ಕಳೆದುಕೊಂಡಾಗ ನನಗೆ ಸಿಟ್ಟು ಬರುತ್ತಿತ್ತು. ರಂಗಶಾಮಣ್ಣನಿಗೆ ಮಾತ್ರ ಒಂದು ಅಪಾಯ ತಪ್ಪಿತು ಅನ್ನುವ ನೆಮ್ಮದಿ.

ಇಷ್ಟೆಲ್ಲ ಮಡಿ ಮಾಡುವ ಮನುಷ್ಯ ಒಬ್ಬನಿಗೆ ಮಾತ್ರ ರಿಯಾಯಿತಿ ಕೊಟ್ಟಿದ್ದರು. ವಾಟ್ಸಾಪು. ಫೋನಿನಲ್ಲಿ ಬರುವ ಫೋಟೋ, ಹೆಸರು, ವಿಳಾಸ ಎಲ್ಲ ಕಂಪ್ಯೂಟರಿಗೇ ಬರಲಿ ಅಂತ ಅದನ್ನು ತೆರೆದಿಟ್ಟು, ಎಲ್ಲ ಡೆಸ್ಕ್‌ಟಾಪಿನಲ್ಲೂ ಕಾಣುವ ಹಾಗೆ ಮಾಡಿದ್ದರು. ನೀವು ಯಾವ ಕೋಣೆಗೆ ಹೋದರೂ ಅದು ಹಿಂದೆಯೇ ಬರುತ್ತಿತ್ತು. ಇದ್ಯಾಕೆ ಹೀಗೆ ಅಂತ ಕೇಳಿದ್ದಕ್ಕೆ, "ಅವ್ನು ಪೋಸ್ಟ್‌ಮ್ಯಾನ್ ಇದ್ದಂಗೆ ಕಣಮ್ಮ. ಮದ್ವೆ ಮನೆಗೂ ಓಗ್ತಾನೆ, ಸಾವಿನ ಮನೆಗೂ ಓಗ್ತಾನೆ. ಅವನ್ಗೆಲ್ಲಿ ಮಡಿ?" ಅಂದಿದ್ದರು.

ಆ ಪೋಸ್ಟ್‌ಮ್ಯಾನ್ ಬಾಗಿಲು ತಪ್ಪಿದ್ದು ನನ್ನ ಮದುವೆಯಲ್ಲಿ.

ನನಗೆ ಪಾವಗಡ ತಾಲ್ಲೂಕಿನ ವಳ್ಳೂರಿನಿಂದ ಸಂಬಂಧ ಬಂದಿತ್ತು. ಹುಡುಗನ ಹೆಸರು ನಾಗೇಶ, ಅಲ್ಲಿನ ಸೋಲಾರ್ ಪಾರ್ಕಿನಲ್ಲಿ ಮೆಂಟೇನೆನ್ಸ್ ಕೆಲಸ. ನೋಡಲು ಬಂದ ದಿನ ಎಲ್ಲರ ಎದುರು, "ನಿಮಗೆ ಬಿಸ್ಲು ಆಗುತ್ತಾ? ನಮ್ಮೂರಲ್ಲಿ ಅದೊಂದೇ ಬೆಳೆ" ಅಂದಿದ್ದ. ನಾನು ನಕ್ಕುಬಿಟ್ಟೆ. ಹುಡುಗ ನನಗೆ ಹಿಡಿಸಿದ್ದ, ಅದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಅವನ ತಾಯಿ ಅಂಜಿನಮ್ಮನಿಗೆ ಮಾತ್ರ ಎಲ್ಲದಕ್ಕೂ ಶಕುನ ನೋಡುವ ಅಭ್ಯಾಸ. ಹಲ್ಲಿ ಲೊಚಗುಟ್ಟಿದ್ದಕ್ಕೆ ಒಂದು ಸಲ ಮಾತುಕತೆಯನ್ನೇ ಮುಂದೂಡಿದ್ದ ಹೆಂಗಸು.

ನನ್ನ ಲಗ್ನಪತ್ರಿಕೆಯನ್ನು ರಂಗಶಾಮಣ್ಣ ತಾವೇ ಮಾಡುತ್ತೇನೆ ಅಂದರು. ನಾನು ಮುಟ್ಟುವ ಹಾಗಿರಲಿಲ್ಲ. ಆಗಮನಾಭಿಲಾಷಿಗಳ ಹೆಸರು ಯಾರದು ಮೇಲೆ, ಯಾರದು ಕೆಳಗೆ ಅಂತ ಗಂಡಿನ ಕಡೆಯವರ ತಕರಾರು ಮುಗಿಯದೆ, ಅವರು ತಮ್ಮ ಮನೆಯ ವಾಟ್ಸಾಪ್ ಗುಂಪಿಗೇ ರಂಗಶಾಮಣ್ಣನನ್ನು ಸೇರಿಸಿಕೊಂಡಿದ್ದರು. ವಳ್ಳೂರಿನ ಅಷ್ಟೂ ನೆಂಟರು ಅದರಲ್ಲಿದ್ದರು.

ಆ ದಿನ ಕಾರ್ಡು ತಯಾರಾಗಿ ಚಪ್ಪರದಲ್ಲಿತ್ತು. ಗಂಡಿನ ಮನೆಯ ಗುಂಪನ್ನು ತೆರೆದು, ಇನ್ನೇನು ಕಳಿಸಬೇಕು, ಅಷ್ಟರಲ್ಲಿ ಸಿರಾದಿಂದ ಫೋನು ಬಂತು. ಅಲ್ಲಿಯ ಒಬ್ಬ ಯಜಮಾನರು ಹೋಗಿ ಕೆಲವು ದಿನವಾಗಿತ್ತು, ವೈಕುಂಠ ಸಮಾರಾಧನೆ ಕಾರ್ಡು ಎಲ್ಲಿ ಅಂತ ಮಕ್ಕಳ ಅವಸರ. ರಂಗಶಾಮಣ್ಣ ಬಾಗಿಲು ಬಾಗಿಲು ದಾಟಿ ಕೆರೆಯಾಚೆಗೆ ಹೋದರು. ಪೋಸ್ಟ್‌ಮ್ಯಾನ್ ಹಿಂದೆಯೇ ಬಂದ. ಅವನ ಕೈಯಲ್ಲಿ ಇನ್ನೂ ವಳ್ಳೂರಿನ ಗುಂಪೇ ತೆರೆದಿತ್ತು. ಇವರು ನೋಡಲಿಲ್ಲ. ಕಾರ್ಡನ್ನು ಎಳೆದು ಹಾಕಿದರು, ಕೆಳಗೆ ಒಂದು ಮಾತೂ ಬರೆದರು: "ನೋಡ್ಬುಟ್ಟು ಓಕೆ ಅನ್ನಿ. ಐನೂರು ಹೊಡೆದ್ಬುಡ್ತೀನಿ."

ಅತ್ತ ವಳ್ಳೂರಿನಲ್ಲಿ ಮದುವೆ ಕಾರ್ಡಿಗಾಗಿ ಕಾಯುತ್ತಿದ್ದ ಅಷ್ಟೂ ಜನರ ಫೋನಿಗೆ, ದೊಡ್ಡ ಮೀಸೆಯ, ಕೊರಳಲ್ಲಿ ಹಾರ, ಎರಡು ಕಡೆ ದೀಪ ಇರುವ ಯಜಮಾನರು ಬಂದು ಕೂತರು. ಮೊದಲು ಉತ್ತರ ಕೊಟ್ಟವರು ನಾಗೇಶನ ದೊಡ್ಡಪ್ಪ. ಕನ್ನಡಕ ಹಾಕಿರಲಿಲ್ಲವಂತೆ. "ಓಕೆ. ಫೋಟೋ ಚೆನ್ನಾಗಿದೆ" ಅಂತ ಬರೆದು, ಒಂದು ಹೂವಿನ ಗುಚ್ಛವನ್ನೂ ಹಾಕಿದ್ದರು.

ನಾಗೇಶ ನನಗೆ ಫೋನು ಮಾಡಿದಾಗಲೇ ನಮಗೆ ಗೊತ್ತಾದದ್ದು. ರಂಗಶಾಮಣ್ಣ ಬೆವರುತ್ತಾ ಅದನ್ನು ಅಳಿಸಿದರು. ಅದು ಇನ್ನೂ ಕೆಟ್ಟದ್ದಾಯಿತು. ಅಳಿಸಿದ ಗುರುತು ಕಂಡು, ನೋಡದೆ ಇದ್ದವರೂ ಏನದು ಏನದು ಅಂತ ನೋಡಿದವರನ್ನು ಕೇಳಿ ತರಿಸಿಕೊಂಡು ನೋಡಿದರು. ಸಂಜೆಯ ಹೊತ್ತಿಗೆ ಅಂಜಿನಮ್ಮ ನಮ್ಮಪ್ಪನಿಗೆ ಫೋನು ಮಾಡಿ, "ನಾಳೆ ಆ ಅಂಗಡಿಗೆ ಬರ್ತೀವಿ. ಈ ಸಂಬಂಧ ನಮಗೆ ಬೇಡ ಅನ್ನಿಸ್ತದೆ" ಅಂದರು. ಅಮ್ಮ ಅತ್ತಳು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು. ಯಾರೋ ಸಿರಾದಲ್ಲಿ ಸತ್ತರೆ ವಳ್ಳೂರಿನಲ್ಲಿ ನನ್ನ ಮದುವೆ ಯಾಕೆ ನಿಲ್ಲಬೇಕು?

ಮಾರನೇ ದಿನ ಅಂಗಡಿಗೆ ಹೋದರೆ ಕಂಪ್ಯೂಟರು ಹಚ್ಚಿರಲಿಲ್ಲ. ರಂಗಶಾಮಣ್ಣ ಗಿರಾಕಿಗಳ ಬೆಂಚಿನ ಮೇಲೆ ಕೂತಿದ್ದರು.

"ನಿನ್ ಕಾರ್ಡು ನಾನು ಮಾಡಲ್ಲ ಕಣಮ್ಮ. ಸಿರಾಕ್ಕೋ ಕೊರಟಗೆರೆಗೋ ಓಗಿ ಮಾಡಿಸ್ಕೊ. ನನ್ ಕೈ ಕೆಟ್ಟೋಯ್ತು."

"ಮದ್ವೆನೇ ನಿಲ್ಲೋ ಅಂಗಾಗಿದೆ, ಕಾರ್ಡು ಎಲ್ಲಿಂದ ತರ್ಲಣ್ಣ?"

"ನಿಂತ್ರೆ ನಿಂತೋಗ್ಲಿ ಬುಡು. ಈ ಕೈಲಿ ಆಗಿ ನಾಳೆ ನಿಂಗೇನಾರ ಆದ್ರೆ?"

ನನ್ನ ಕಡೆ ಇರಬೇಕಾದ ಮನುಷ್ಯನೇ ಹೀಗಂದರೆ ಏನು ಹೇಳುವುದು! ಊರಿನ ಹೆಣ್ಣುಮಕ್ಕಳ ಕಾರ್ಡನ್ನೆಲ್ಲ ಟೈಪ್ ಮಾಡಿದವಳು ನಾನು, ನನ್ನ ಕಾರ್ಡಿಗೆ ಮಾತ್ರ ಅಂಗಡಿ ಇಲ್ಲ.

ಪಾವಗಡದ ಬಸ್ಸಿಳಿದು ಅಂಜಿನಮ್ಮ ಬಂದೇಬಿಟ್ಟರು, ಹಿಂದೆ ಓಕೆ ಅಂದಿದ್ದ ದೊಡ್ಡಪ್ಪ. ದೊಡ್ಡಪ್ಪನವರು ಈ ಸಲ ಕನ್ನಡಕ ಹಾಕಿಕೊಂಡು, ತಲೆ ತಗ್ಗಿಸಿ ಒಂದು ಮೂಲೆಯಲ್ಲಿ ನಿಂತರು.

"ಏಮಪ್ಪಾ, ಕಾರ್ಡು ಕಳಿಸ್ದೋನು ನೀನೇನಾ? ನಮ್ ಪಿಲ್ಲೋಡು ಹಸೆ ಮೇಲೆ ಕೂತ್ಕೊಳ್ಳೋ ಟೈಮಲ್ಲಿ ಎಡೆ ಮುಂದೆ ಕೂರಿಸ್ತೀಯಾ?" ಅಂತ ಅಂಜಿನಮ್ಮ ಬಾಗಿಲಲ್ಲೇ ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಶುರುಮಾಡಿದರು.

ರಂಗಶಾಮಣ್ಣ ಎದ್ದು ಕೈ ಮುಗಿದರು. "ನಿಮ್ ಮಾತು ಸರಿ ಕಣ್ರಮ್ಮ. ನಿಲ್ಸ್ಬುಡಿ."

"ಏನು?"

"ಮದ್ವೆ ನಿಲ್ಸ್ಬುಡಿ ಅಂದೆ. ನಾನೇ ಹೇಳ್ತಿದೀನಿ. ಅಪಶಕುನ ಆಗೋಯ್ತು."

"ಅಣ್ಣಾ, ಮದ್ವೆ ನಂದು ಕಣಣ್ಣ!" ಅಂತ ನಾನು ಕೂಗಿದೆ.

"ಕೈಗುಣ ನಂದು ಕಣಮ್ಮ" ಅಂದರು ಅವರು.

ಅಂಜಿನಮ್ಮ ಜಗಳಕ್ಕೆ ಸೆರಗು ಕಟ್ಟಿ ಬಂದಿದ್ದರು. ಎದುರಿನವನು ಎಲ್ಲಕ್ಕೂ ಹೂಂ ಅಂದರೆ ಜಗಳ ಯಾರ ಜೊತೆ ಆಡುವುದು? ಸುಮ್ಮನೆ ಸ್ಟೂಲಿನ ಮೇಲೆ ಕೂತರು. ರಂಗಶಾಮಣ್ಣ ತಮ್ಮ ತಪ್ಪು ಎಷ್ಟು ದೊಡ್ಡದು ಅಂತ ತೋರಿಸಲೇಬೇಕು ಅನ್ನುವ ಹಟಕ್ಕೆ ಬಿದ್ದು ಕಂಪ್ಯೂಟರು ಹಚ್ಚಿದರು. ಇದು ಚಪ್ಪರ, ನಿಮ್ಮ ಮಗನ ಕಾರ್ಡು ಇಲ್ಲಿತ್ತು. ಇದು ಕೆರೆಯಾಚೆ, ಆ ಯಜಮಾನರು ಇಲ್ಲಿದ್ದರು. ಹಿಂದೆ ಹಿಂದೆಯೇ ಬರುವ ಈ ವಾಟ್ಸಾಪು ನಮ್ಮ ಪೋಸ್ಟ್‌ಮ್ಯಾನ್. ನಡುವೆ ಇದು ಬಚ್ಚಲು.

"ಇದೇಮಿ? ಬಚ್ಚಲಾ?" ಅಂಜಿನಮ್ಮ ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡರು. "ಕಂಪ್ಯೂಟರಲ್ಲಿ ಬಚ್ಚಲು ಇರ್ತದಾ?"

"ಎಲ್ಲಾರ ಕಂಪ್ಯೂಟರಲ್ಲೂ ಇರಲ್ಲ ಕಣ್ರಮ್ಮ. ನಾನು ಕಟ್ಟಿಸಿದೀನಿ."

ಅಂಜಿನಮ್ಮ ಮತ್ತೊಂದು ಸಲ ತೋರಿಸು ಅಂದರು. ಚೊಂಬು ಯಾಕೆ ಅಂತ ಕೇಳಿದರು. ರಂಗಶಾಮಣ್ಣ ಬೆರಳು ಅದ್ದಿ ತೋರಿಸಿದರು. ಆಕೆಯ ಮುಖ ನಿಧಾನವಾಗಿ ಬದಲಾಯಿತು. ತಮ್ಮ ಮನೆಯಲ್ಲಿ ಯಾರೂ ಪಾಲಿಸದ ಕಟ್ಟಳೆಗಳನ್ನೆಲ್ಲ ಪಾಲಿಸುವ ಒಬ್ಬ ಮನುಷ್ಯ ಮಧುಗಿರಿಯಲ್ಲಿ ಸಿಕ್ಕಿದ್ದ. ಆದರೆ ಮೆಚ್ಚಿದ ಕೂಡಲೇ ತಪ್ಪು ಹುಡುಕುವುದೂ ಆಕೆಯ ಗುಣವೇ. ಅದನ್ನು ನಾನು ಈಗ ದಿನವೂ ನೋಡುತ್ತಿದ್ದೇನೆ.

"ಕೆರೆ ಆಚೆ ಮಗ್ಗುಲಲ್ಲೇ ಬಚ್ಚಲು ಕಟ್ತಾರಾ ಯಾರಾದ್ರೂ? ಕೆರೆ ಆಚೆಯಿಂದ ಬರೋನು ಹೊಲದ ಮೇಲೆ ನಡ್ಕೊಂಡು ಬರಬೇಕಪ್ಪಾ. ನೇರ ಬಚ್ಚಲಿಗೆ ಹೆಂಗೆ ಬಿದ್ದ? ಮಧ್ಯದಲ್ಲಿ ಒಂದು ಹೊಲ ಹಾಕು."

ರಂಗಶಾಮಣ್ಣ ತಬ್ಬಿಬ್ಬಾಗಿ ನನ್ನ ಮುಖ ನೋಡಿದರು. ಇಷ್ಟು ವರ್ಷದಲ್ಲಿ ಅವರ ಮನೆಗೆ ಯಾರೂ ಒಂದು ಕೋಣೆಯನ್ನೂ ಸೂಚಿಸಿರಲಿಲ್ಲ. ಇನ್ನೊಂದು ಡೆಸ್ಕ್‌ಟಾಪು ಮಾಡಿ, 'ಹೊಲ' ಅಂತ ಹೆಸರಿಟ್ಟು, ಎಳೆದು ತಂದು ಕೆರೆಯಾಚೆಗೂ ಬಚ್ಚಲಿಗೂ ನಡುವೆ ಕೂರಿಸಿದರು.

"ಆ ಪೋಸ್ಟಿನೋನು ಎಲ್ಲಾ ಕಡೆ ಯಾಕೆ ತಿರುಗ್ತಾನೆ?"

"ಅವನ್ಗೆ ಮಡಿ ಇಲ್ಲ ಅಂತ..."

"ಅದಕ್ಕೇ ಇದೆಲ್ಲ ಆಗಿದ್ದು. ಅವನ್ನ ಸಂತೇಲೇ ನಿಲ್ಸು. ಬೇಕಾದೋರು ಅಲ್ಲಿಗೋಗಿ ಕೊಟ್ಟು ಇಸ್ಕೊಂಡು ಬರ್ಲಿ."

ಅದೇ ಸರಿಯಾದ ದಾರಿಯಾಗಿತ್ತು. ರಂಗಶಾಮಣ್ಣ ವಾಟ್ಸಾಪನ್ನು ಸಂತೆಯಲ್ಲಿ ಕಟ್ಟಿಹಾಕಿದರು. ಎಲ್ಲ ಆದ ಮೇಲೆ ಮತ್ತೆ ಕೈ ಮುಗಿದು, "ನೀವು ಬುದ್ಧಿ ಹೇಳಿದ್ದು ಮುಂದಿನೋರಿಗೆ ಆಯ್ತು ಕಣ್ರಮ್ಮ. ಈ ಮಗೀಂದು ಕೆಟ್ಟಿದ್ದು ಕೆಟ್ಟೋಯ್ತಲ್ಲ" ಅಂದರು. ಅವರ ಕಣ್ಣಲ್ಲಿ ನೀರಿತ್ತು. ಅದನ್ನು ಕಂಡು, ಹಿಂದಿನ ದಿನದಿಂದ ಬಾರದ ಅಳು ನನಗೂ ಬಂತು.

ಅಂಜಿನಮ್ಮ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದರು. ಅವರಿಗೆ ಈ ಸಂಬಂಧ ಮುರಿಯುವ ಮನಸ್ಸಿರಲಿಲ್ಲ ಅಂತ ನನಗೆ ಆಗ ಗೊತ್ತಾಯಿತು. ಏನೂ ಆಗಿಲ್ಲ ಅಂತ ಯಾರಾದರೂ ಹೇಳಲಿ ಅಂತಲೇ ಅಷ್ಟು ದೂರ ಬಸ್ಸು ಹತ್ತಿ ಬಂದಿದ್ದರು. ಹೇಳಬೇಕಾದವನು ಎದುರು ನಿಂತು ಮುರಿಯಿರಿ ಮುರಿಯಿರಿ ಅನ್ನುತ್ತಿದ್ದ. ಕೊನೆಗೆ ಅವರೇ ಹೇಳಬೇಕಾಯಿತು.

"ಅಲ್ಲಪ್ಪಾ, ಒಳ್ಳೆ ಕೆಲಸಕ್ಕೆ ಹೊರಟಾಗ ಹೆಣ ಎದುರು ಬಂದ್ರೆ ಏನಂತಾರೆ?"

ರಂಗಶಾಮಣ್ಣ ಅನುಮಾನದಿಂದ, "ಹೆಣ ಎದುರಾದ್ರೆ... ಶುಭ ಅಂತಾರೆ" ಅಂದರು.

"ಮಂಚಿದೇ ಕದಾ? ಒಳ್ಳೇದೇ ಅಲ್ವಾ? ನಮ್ ಮಾವಯ್ಯ ಬೋರು ಕೊರೆಸೋಕೆ ಹೊರಟ ದಿನ ಹೆಣ ಎದುರು ಬಂತು. ಆ ಬೋರಲ್ಲಿ ಇವತ್ತಿಗೂ ನೀರಿದೆ. ಆ ದೊಡ್ಡಮನುಷ್ಯ ನಮಗೆ 'ಎದುರು' ಬಂದವ್ನೆ. ನಾವೇನು ಅವನ ಹಿಂದೆ ಹೋಗಿಲ್ಲ."

ಮೂಲೆಯಲ್ಲಿದ್ದ ದೊಡ್ಡಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಅದಕ್ಕೇ ನಾನು ಓಕೆ ಅಂದಿದ್ದು" ಅಂದರು.

ಆ ದಿನ ಅಂಜಿನಮ್ಮ ಪಕ್ಕದಲ್ಲೇ ಕೂತು ಲಗ್ನಪತ್ರಿಕೆ ಮಾಡಿಸಿದರು. ರಂಗಶಾಮಣ್ಣ ಓಣಿಯ ನಲ್ಲಿಯಲ್ಲಿ ಕೈಕಾಲು ಮುಖ ತೊಳೆದು ಬಂದೇ ಮೌಸು ಮುಟ್ಟಿದರು. ಮದುವೆಗೂ ಬಂದರು. ಆದರೆ ಹಸೆಯ ಹತ್ತಿರ ಬಾರದೆ ದೂರದಲ್ಲಿ ಕಂಬಕ್ಕೆ ಒರಗಿ ನಿಂತು, ತಾಳಿ ಕಟ್ಟುವವರೆಗೂ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಅಕ್ಷತೆ ಬಿದ್ದ ಮೇಲೆ ಊಟಕ್ಕೆ ಕರೆಯಲು ಹೋದ ನಮ್ಮಪ್ಪನನ್ನು, "ಗಂಟು ಗಟ್ಟಿಯಾಗಿ ಬಿತ್ತಾ?" ಅಂತ ಕೇಳಿದರಂತೆ.

ಅಲ್ಲಿಗೆ ಮುಗಿಯಿತು ಅಂತ ನಾನು ತಿಳಿದಿದ್ದೆ. ಅವರಿಗೆ ಅಲ್ಲಿಂದ ಶುರುವಾಯಿತು. ವಳ್ಳೂರಿಗೆ ಬಂದ ವಾರದಿಂದಲೇ ಅವರ ಫೋನು. "ಏನಮ್ಮ, ಚೆನ್ನಾಗಿದೀರಾ? ಇಬ್ರೂ?" ಆ 'ಇಬ್ರೂ' ಅನ್ನುವುದನ್ನು ಒತ್ತಿ ಹೇಳುತ್ತಿದ್ದರು. ನನಗೆ ಜ್ವರ ಬಂದರೆ ಅವರಿಗೆ ನಿದ್ದೆಯಿಲ್ಲ. ನಾಗೇಶ ಗಾಡಿಯಿಂದ ಬಿದ್ದು ಮೊಣಕಾಲು ತರಚಿಕೊಂಡಾಗ, "ನನ್ ಕೈಲೇ ಆಗಿದ್ದು" ಅಂತ ಒಂದೇ ಸಮ. ಹೆಲ್ಮೆಟ್ ಹಾಕದೆ ಕುರಿ ಹಿಂಡಿನ ನಡುವೆ ಗಾಡಿ ನುಗ್ಗಿಸಿದರೆ ಯಾರ ಕೈಗುಣವೂ ಬೇಕಿಲ್ಲ ಅಂತ ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ನಮ್ಮ ಸಂಸಾರ ಅವರ ಅಂಗಡಿಯಿಂದ ಹೋದ ಮಾಲು, ಏನಾದರೂ ಕೆಟ್ಟರೆ ಅವರೇ ಜವಾಬ್ದಾರಿ ಅನ್ನುವ ಹಾಗೆ ಇದ್ದರು. ನನಗೆ ಮೊದಮೊದಲು ಕಿರಿಕಿರಿಯಾಗುತ್ತಿತ್ತು. ಆಮೇಲೆ ಆ ಫೋನು ಬರದಿದ್ದರೆ ಕಿರಿಕಿರಿಯಾಗತೊಡಗಿತು.

ನಮ್ಮತ್ತೆಗೆ ಇದು ಒಳ್ಳೆಯ ಅಸ್ತ್ರವಾಯಿತು. ಗಂಡಹೆಂಡತಿ ದನಿ ಎತ್ತಿದರೆ ಸಾಕು, ಅಂಜಿನಮ್ಮ ಪಡಸಾಲೆಯಿಂದಲೇ, "ರಂಗಶಾಮಣ್ಣನಿಗೆ ಫೋನ್ ಹಚ್ಚಲಾ?" ಅನ್ನುತ್ತಿದ್ದರು. ಆ ಬಡಪಾಯಿಯನ್ನು ನೆನೆದು ನಾವು ಸುಮ್ಮನಾಗುತ್ತಿದ್ದೆವು. ಸಿಟ್ಟೆಲ್ಲ ಹೊಟ್ಟೆಯಲ್ಲೇ ಇರುತ್ತಿತ್ತು ಅನ್ನುವುದು ಬೇರೆ ಮಾತು.

ರಂಗಶಾಮಣ್ಣನಿಗೆ ಹುಷಾರಿಲ್ಲ, ಅಂಗಡಿ ಮುಚ್ಚಿ ಕೊರಟಗೆರೆಯಲ್ಲಿ ತಂಗಿಯ ಮನೆಯಲ್ಲಿದ್ದಾರೆ ಅಂತ ಸುದ್ದಿ ಬಂದಾಗ, ನಮ್ಮಿಬ್ಬರ ನಡುವೆ ದೊಡ್ಡ ಜಗಳ ನಡೆದಿತ್ತು. ನನ್ನ ತವರಿನವರು ಕೊಟ್ಟ ಗ್ರೈಂಡರನ್ನು ನಾಗೇಶ ನನ್ನನ್ನು ಒಂದು ಮಾತೂ ಕೇಳದೆ ಅವನ ತಂಗಿಯ ಮನೆಗೆ ಸಾಗಿಸಿದ್ದ. ಕೇಳಿದ್ದರೆ ನಾನೇ ಕೊಡುತ್ತಿದ್ದೆನೋ ಏನೋ. ಕೇಳಲಿಲ್ಲವಲ್ಲ, ಅದಕ್ಕೆ. ಒಂದು ವಾರದಿಂದ ಮಾತಿರಲಿಲ್ಲ. ಆದರೂ ರಂಗಶಾಮಣ್ಣನನ್ನು ನೋಡಲು ಒಟ್ಟಿಗೇ ಹೊರಟೆವು. ಬಸ್ಸಿನಲ್ಲಿ ನಾನು ಮುಂದೆ ಹೆಂಗಸರ ಸೀಟಿನಲ್ಲಿ ಕೂತೆ, ಅವನು ಹಿಂದಿನ ಸೀಟಿನಲ್ಲಿ. ಪಾವಗಡದಿಂದ ಮಧುಗಿರಿಗೆ ಹಾಗೇ, ಮಧುಗಿರಿಯಿಂದ ಕೊರಟಗೆರೆಗೂ ಹಾಗೇ.

ರಂಗಶಾಮಣ್ಣ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕಡ್ಡಿಯಂಥ ಮನುಷ್ಯ, ಇನ್ನು ಸೊರಗಲು ಏನೂ ಉಳಿದಿರಲಿಲ್ಲ. ನಮ್ಮನ್ನು ನೋಡಿ ಕನ್ನಡಕಕ್ಕಾಗಿ ತಡಕಾಡಿ, ಹಾಕಿಕೊಂಡು, ಪ್ರೂಫು ನೋಡುವವರ ಹಾಗೆ ನಿಧಾನವಾಗಿ ನೋಡಿದರು. ಮೊದಲು ನನ್ನನ್ನು, ಆಮೇಲೆ ನಾಗೇಶನನ್ನು, ಮತ್ತೆ ನನ್ನನ್ನು.

"ಒಂದೇ ಬಸ್ಸಲ್ಲಿ ಬಂದ್ರಾ?"

"ಒಂದೇ ಸೀಟಲ್ಲಿ ಬಂದ್ವಿ ಅಣ್ಣ" ಅಂದ ನಾಗೇಶ. ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಾನೆ ಇವನು ಅಂತ ನಾನು ಅವನನ್ನು ದುರುಗುಟ್ಟಿ ನೋಡಿದೆ.

"ನಿನ್ ಮುಖ ಯಾಕಮ್ಮ ಅಂಗಿದೆ?"

"ಬಿಸ್ಲು ಅಣ್ಣ."

"ಬಿಸ್ಲಿಗೆ ಮುಖ ಕಪ್ಪಾಯ್ತದೆ ಕಣಮ್ಮ. ಊದ್ಕೊಳ್ಳಲ್ಲ."

ಅವರು ಮುಂದೆ ಏನೂ ಕೇಳಲಿಲ್ಲ. ಒಂದು ಕೈಯಿಂದ ನಾಗೇಶನ ಕೈ ಹಿಡಿದುಕೊಂಡು, ಇನ್ನೊಂದು ಕೈಯನ್ನು ನನ್ನ ಕಡೆ ಚಾಚಿದರು. ನಾನು ಹಿಡಿದೆ. ಸಣಕಲು ಬೆರಳುಗಳು, ಒಣಗಿದ್ದವು.

"ನಾನು ಎಷ್ಟು ಮದ್ವೆ ಮಾಡಿದೀನಿ ಅಂತ ಲೆಕ್ಕ ಇಲ್ಲ ಕಣಪ್ಪ. ಅವರೆಲ್ಲ ಹೆಂಗವ್ರೆ ಅಂತ ಒಬ್ರನ್ನೂ ಕೇಳಿಲ್ಲ. ನಿಮ್ದೊಂದೇ ಕೇಳ್ತಿದ್ದಿದ್ದು" ಅಂದರು ನಾಗೇಶನಿಗೆ. ಆಮೇಲೆ ನನ್ನ ಕಡೆ ತಿರುಗಿ, "ಮೊದಮೊದ್ಲು ಭಯಕ್ಕೆ ಕೇಳ್ತಿದ್ದೆ. ಆಮೇಕೆ ಸುಮ್ನೆ ಕೇಳ್ಬೇಕು ಅನ್ನಿಸ್ತಿತ್ತು" ಅಂದರು.

ಅವರ ತಂಗಿ ಊಟಕ್ಕೆ ಎಬ್ಬಿಸಿದರು. ಉಂಡು, ಕುಂಕುಮ ಇಟ್ಟುಕೊಂಡು ಹೊರಟೆವು. ಬಸ್ಸಿನಲ್ಲಿ ನಾನು ಮತ್ತೆ ಮುಂದೆ ಹೋಗಿ ಕೂತೆ. ಪಕ್ಕದ ಸೀಟು ಖಾಲಿಯಿತ್ತು. ನಾಗೇಶ ಬಂದು ಅಲ್ಲಿ ಕೂತ. ಕಂಡಕ್ಟರು, "ಇದು ಹೆಂಗಸ್ರ ಸೀಟು ಕಣಪ್ಪ" ಅಂದ.

"ಗೊತ್ತು ಸ್ವಾಮಿ. ಒಬ್ರ ಹತ್ರ ಸುಳ್ಳು ಹೇಳ್ಬುಟ್ಟಿದೀನಿ. ಮಧುಗಿರಿ ತನಕ ಬುಡಿ" ಅಂದ ನಾಗೇಶ.

ಕಂಡಕ್ಟರಿಗೆ ಏನು ಅರ್ಥವಾಯಿತೋ, ಟಿಕೆಟು ಹರಿದು ಕೊಟ್ಟು ಮುಂದೆ ಹೋದ. ನಾನು ಕಿಟಕಿಯ ಆಚೆ ನೋಡುತ್ತಾ, "ಗ್ರೈಂಡರು ನಿನ್ ತಂಗಿನೇ ಇಟ್ಕೊಳ್ಲಿ. ಕೇಳ್ಬೇಕಿತ್ತು ಅಷ್ಟೆ" ಅಂದೆ. "ಕೇಳ್ಬೇಕಿತ್ತು" ಅಂದ ಅವನು.

ಆ ತಿಂಗಳು ಮುಗಿಯುವುದರೊಳಗೆ ರಂಗಶಾಮಣ್ಣ ಹೋದರು. ಸುದ್ದಿ ಕೇಳಿ ನಮ್ಮತ್ತೆ ತಲೆಗೆ ನೀರು ಹಾಕಿಕೊಂಡು, ಅವತ್ತು ಒಲೆ ಹಚ್ಚಲಿಲ್ಲ. ನಾನೂ ನಾಗೇಶನೂ ಈಗಲೂ ಜಗಳ ಆಡುತ್ತೇವೆ. ಅತ್ತೆ ಪಡಸಾಲೆಯಲ್ಲಿ ಕೂತು ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಫೋನು ಹಚ್ಚಲು ಯಾರೂ ಇಲ್ಲ, ನಾವೇ ಮುಗಿಸಿಕೊಳ್ಳಬೇಕು.